ಕಾಯಿ ಒಡೆಯೋಕೆ ಬಾ

ಮೊದಲು ನಿಮ್ಮಲ್ಲಿ ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಅಡುಗೆಮನೆಯ ನೆಲದ ಮೇಲೆ ಬದುಕು ಕಳೆದ ಒಂದು ಈಳಿಗೆಮಣೆ. ನನ್ನಂಥದ್ದು ತನ್ನ ಕಥೆ ಹೇಳಲು ಹೊರಡುವುದು ಹೆಚ್ಚಿನ ಮಾತು ಎಂದು ನನಗೇ ಅನ್ನಿಸುತ್ತದೆ. ಅಷ್ಟಕ್ಕೂ ಇದು ಪೂರ್ತಿ ನನ್ನ ಕಥೆಯೂ ಅಲ್ಲ. ನಿಂಗಾಜಮ್ಮ ಎಂಬ ಹೆಂಗಸಿನದು, ಅವಳ ತಮ್ಮ ಶಿವಮಲ್ಲುವಿನದು, ಅವರ ತಾಯಿ ಕೊಟ್ಟ ಕುಂಬಳದ ಬೀಜದ್ದು. ಅವರ ಮನೆಯ ಮಾತನ್ನು ಅವರನ್ನು ಕೇಳದೆ ಹೊರಗೆ ಹೇಳಬಹುದೇ ಎಂದು ಬಹಳ ದಿನ ಹಿಂಜರಿದೆ. ಕೇಳೋಣವೆಂದರೆ ಈಗ ನನ್ನ ಹತ್ತಿರ ಯಾರೂ ಇಲ್ಲ.

ಇನ್ನೊಂದು ಮಾತು. ನನಗೆ ಅಕ್ಷರ ಬಂದದ್ದು ಸಂಜೆ ತರಗತಿಯಲ್ಲಿ. ಅಲ್ಪಪ್ರಾಣ ಎಲ್ಲಿ, ಮಹಾಪ್ರಾಣ ಎಲ್ಲಿ ಎಂಬುದರಲ್ಲಿ ಇವತ್ತಿಗೂ ನನಗೆ ಧೈರ್ಯವಿಲ್ಲ. ತಪ್ಪು ಕಂಡರೆ ತಿದ್ದಿಕೊಂಡು ಓದಬೇಕು.

ನನ್ನ ಅಲಗು ಮೊದಲು ಯಾವುದೋ ಲಾರಿಯ ಕಮಾನು ಪಟ್ಟಿಯಾಗಿತ್ತಂತೆ. ಅದು ಮುರಿದು ನಂಜನಗೂಡಿನ ಒಬ್ಬ ಕಮ್ಮಾರನ ಕುಲುಮೆಗೆ ಬಂತು. ಅವನು ಕೆಂಪಗೆ ಕಾಯಿಸಿ, ಬಡಿದು, ಕೊಕ್ಕರೆಯ ಕತ್ತಿನ ಹಾಗೆ ಬಾಗಿಸಿ, ತುದಿಯಲ್ಲಿ ತೆಂಗಿನಕಾಯಿ ತುರಿಯಲು ಹಲ್ಲು ಕೊರೆದ. ಬಡಗಿಯೊಬ್ಬ ನನ್ನನ್ನು ಬೇವಿನ ಹಲಗೆಗೆ ಸೇರಿಸಿದ. ಮದುವೆಯ ತಿಂಗಳು, ಅವನಿಗೂ ಅವಸರ. ಹಲಗೆಯ ಒಂದು ಕಾಲು ಚೂರು ಗಿಡ್ಡವಾಯಿತು. ಅದರಿಂದ ನಾನು ಒಂಟಿಯಾಗಿದ್ದರೆ ಅಲುಗಾಡುತ್ತೇನೆ. ಯಾರಾದರೂ ಮೇಲೆ ಕೂತರೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತೇನೆ.

ನನ್ನನ್ನು ಕೊಂಡವಳು ದೊಡ್ಡತಾಯವ್ವ, ಮಗಳು ನಿಂಗಾಜಮ್ಮನ ಮದುವೆಗೆ. ಗಂಡನ ಮನೆಗೆ ಹೊರಟ ಮಗಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆ ಆ ತಾಯಿ ಒಂದು ಬಟ್ಟೆಯ ಗಂಟನ್ನೂ ಹಾಕಿದಳು. ಒಳಗೆ ಕುಂಬಳದ ಬೀಜ.

"ಇದ ಕಳೀಬ್ಯಾಡ ಕಣವ್ವ. ನಮ್ಮವ್ವ ನಂಗೆ ಕೊಟ್ಟಿದ್ದು. ಅಂಗಡೀಲಿ ಸಿಕ್ಕಲ್ಲ."

"ನೀನು ಸುಮ್ಕಿರವ್ವ, ಎಲ್ಲಾರೂ ಒಡವೆ ಕೊಟ್ರೆ ನೀನು ಬೀಜ ಕೊಡ್ತೀಯಲ್ಲ," ಎಂದು ನಿಂಗಾಜಮ್ಮ ಅಳುತ್ತಲೇ ನಕ್ಕಳು.

ಆಗ ತಮ್ಮ ಶಿವಮಲ್ಲು ಇನ್ನೂ ಚಿಕ್ಕವನು. ಅಕ್ಕನ ಹಿಂದೆ ನನ್ನನ್ನು ತಲೆಯ ಮೇಲೆ ಹೊತ್ತು ನಡೆದ. ಇಳಿಸುವಾಗ ಅವನ ಬೆರಳಿಗೆ ನನ್ನ ಅಲಗು ತಾಗಿತು. ಅವನು ಯಾರಿಗೂ ಹೇಳದೆ ಬೆರಳನ್ನು ಬಾಯಿಗಿಟ್ಟುಕೊಂಡ.

ನಿಂಗಾಜಮ್ಮನ ಮನೆ ಸಣ್ಣದು. ಅಡುಗೆಮನೆಯ ಹಿಂಬಾಗಿಲು ಹಿತ್ತಲಿಗೆ ತೆರೆಯುತ್ತಿತ್ತು. ನನ್ನ ಜಾಗ ಆ ಬಾಗಿಲ ಪಕ್ಕ. ಕೆಲಸವಿಲ್ಲದಾಗ ನನ್ನನ್ನು ಗೋಡೆಗೆ ಮುಖ ಮಾಡಿ ಒರಗಿಸುತ್ತಿದ್ದರು, ಇಲ್ಲದಿದ್ದರೆ ಯಾರದಾದರೂ ಕಾಲಿಗೆ ತಾಗುತ್ತದಲ್ಲ. ಹಾಗಾಗಿ ನಾನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಮನುಷ್ಯರ ಮುಖ ಕಂಡಾಗಲೂ ಕೆಳಗಿನಿಂದ ಕಂಡದ್ದು. ಗಲ್ಲ, ಮೂಗಿನ ಹೊಳ್ಳೆ, ಕಣ್ಣಂಚಿನಲ್ಲಿ ನಿಂತ ನೀರು ಮೇಲಿನವರಿಗಿಂತ ನನಗೆ ಬೇಗ ಕಾಣುತ್ತಿತ್ತು.

ಆ ಕುಂಬಳದ ವಿಷಯ ಹೇಳಬೇಕು. ಕಾಯಿ ಮಡಕೆಯ ಹಾಗೆ ಚಪ್ಪಟೆ, ಮೈತುಂಬ ಆಳವಾದ ಗೆರೆ. ಸಿಪ್ಪೆ ಬೂದು ಹಸಿರು, ಒಳಗೆ ಅರಿಶಿನದ ಕೊಂಬಿನ ಬಣ್ಣ. ಬೇಯಿಸಿದರೆ ಕರಗುತ್ತಿರಲಿಲ್ಲ. ಹೋಳು ಹೋಳಾಗಿಯೇ ನಿಂತು ನಾಲಿಗೆಯ ಮೇಲೆ ಮಾತ್ರ ಕರಗುತ್ತದೆ ಎಂದು ತಿಂದವರು ಹೇಳುತ್ತಿದ್ದರು.

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸು ಮೊದಲು ಅಲಗು ತಾಗಿಸುವುದಿಲ್ಲ. ಗಂಡಸು ಒಂದು ಗೀರು ಹಾಕಬೇಕು. ಆಮೇಲೆ ಹೆಂಗಸರು ಹೇಗೆ ಬೇಕಾದರೂ ಹೆಚ್ಚಬಹುದು. ಯಾಕೆ ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕುಂಬಳವೆಂದರೆ ಮನೆಯ ಹಿರೀಮಗ ಇದ್ದ ಹಾಗೆ, ಅದರ ಹೊಟ್ಟೆಗೆ ತಾಯಿ ಕತ್ತಿ ಇಡಬಾರದು ಎಂಬುದು ದೊಡ್ಡತಾಯವ್ವನ ಮಾತು. ಅದು ಸರಿಯೋ ತಪ್ಪೋ ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಕುಂಬಳವನ್ನು 'ಕುಯ್ಯುವುದು' ಎಂದೂ ಆ ಮನೆಯವರು ಹೇಳುತ್ತಿರಲಿಲ್ಲ. 'ಕಾಯಿ ಒಡೆಯೋದು' ಎನ್ನುತ್ತಿದ್ದರು. ಬೇರೆಯವರಿಗೆ ಕಾಯಿ ಒಡೆಯುವುದೆಂದರೆ ದೇವರ ಮುಂದೆ ತೆಂಗಿನಕಾಯಿ ಒಡೆಯುವುದು. ಅಕ್ಕತಮ್ಮಂದಿರಿಗೆ ಮಾತ್ರ ಅದು ಅವ್ವನ ಕುಂಬಳಕ್ಕೆ ಮೊದಲ ಗೀರು ಹಾಕುವುದು.

ಮೊದಲ ಕೆಲವು ವರ್ಷ ಆ ಗೀರನ್ನು ನಿಂಗಾಜಮ್ಮನ ಗಂಡ ಹಾಕಿದ. ಅವನು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಒಂದು ದಿನ ಪೇರಿಸಿಟ್ಟ ಮೂಟೆಗಳು ಜಾರಿ ಅವನ ಮೇಲೆ ಬಿದ್ದವು, ಅವನು ಉಳಿಯಲಿಲ್ಲ. ಮಗಳು ಸುಗುಣ ಆಗ ಅಂಬೆಗಾಲಿಡುತ್ತಿದ್ದಳು. ಆ ವರ್ಷ ಹಿತ್ತಲಿನ ಕಾಯಿಗಳನ್ನು ಯಾರೂ ಒಡೆಯದೆ ಮೂಲೆಯಲ್ಲಿ ಸಾಲಾಗಿಟ್ಟಿದ್ದರು. ಮಾರ್ನಮಿ ಹಬ್ಬ ಕಳೆದ ಮೇಲೆ ಶಿವಮಲ್ಲು ತಾನೇ ಬಂದ. ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು.

"ನಾನು ಒಡೀತೀನಿ ಬಾ ಅಕ್ಕ," ಎಂದ.

ಅವತ್ತಿನಿಂದ ಅದು ಅವನ ಕೆಲಸವಾಯಿತು. ಅವಳು ನನ್ನ ಹಲಗೆಯ ಮೇಲೆ ಭಾರ ಬಿಟ್ಟು ಕೂರಬೇಕು. ಅವನು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಕಾಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಅಲಗಿಗೆ ಒತ್ತಬೇಕು. ನನ್ನ ಗಿಡ್ಡ ಕಾಲಿನಿಂದಾಗಿ ಅದು ಆ ಮನೆಯಲ್ಲಿ ಇಬ್ಬರ ಕೆಲಸವಾಗಿತ್ತು. ಸಿಪ್ಪೆ ಬಿರಿದು ಚರ್‌ ಎಂದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಿದ್ದರು.

"ಒಂದ್ ಗೀರು ಹಾಕೋಕೆ ಅಷ್ಟು ದೂರದಿಂದ ನಡ್ಕಂಡು ಬಂದಿವ್ನಿ ಕಣಕ್ಕೋ. ಏನ್ ಕೊಟ್ಟೀಯ?"

"ತಿರುಳು ಕೊಡ್ತೀನಿ, ಎಮ್ಮೆಗೆ ಹಾಕು."

"ಎಮ್ಮೆ ಇಲ್ವಲ್ಲ."

"ಅಂಗಾರೆ ನೀನೇ ತಿನ್ನು."

ಈ ಮಾತು ಪ್ರತಿ ವರ್ಷ ಇತ್ತು. ಪ್ರತಿ ವರ್ಷ ಇಬ್ಬರೂ ಹೊಸದಾಗಿ ನಕ್ಕರು. ನನಗೆ ಬಾಯಿಪಾಠವಾಗಿತ್ತು, ಆದರೂ ಮುಂದಿನದನ್ನು ಕೇಳಲು ಕಾಯುತ್ತಿದ್ದೆ.

ಬೀಜ ತೆಗೆಯುವುದು ನಿಂಗಾಜಮ್ಮನ ಕೆಲಸ. ಬೀಜಕ್ಕೆಂದು ಬಿಟ್ಟ ಕಾಯನ್ನು ಅವಳು ಬಳ್ಳಿಯಲ್ಲೇ ಬಲಿಯಲು ಬಿಡುತ್ತಿದ್ದಳು. ತೊಟ್ಟು ಒಣಗಿ ಬೆಂಡಾಗಬೇಕು, ಉಗುರು ಒತ್ತಿದರೆ ಸಿಪ್ಪೆಯಲ್ಲಿ ಇಳಿಯಬಾರದು. ಒಡೆದ ಮೇಲೆ ಕೈಯಿಂದ ತಿರುಳನ್ನು ಬಾಚಿ, ಬೀಜವನ್ನು ಬೂದಿ ಹಾಕಿ ಉಜ್ಜಿ, ಅದರ ಜಾರಿಕೆ ಹೋಗುವ ತನಕ ನೀರಿನಲ್ಲಿ ತೊಳೆಯುತ್ತಿದ್ದಳು. ತೇಲಿದ್ದು ಜೊಳ್ಳು. ಮುಳುಗಿದ್ದನ್ನು ಮೊರದಲ್ಲಿ ಹರಡಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಒಳಗಿನ ಜೀವ ಸುಡುತ್ತದೆ ಎನ್ನುತ್ತಿದ್ದಳು. ಬೀಜ ಬಾಗಿದರೆ ಇನ್ನೂ ಹಸಿ, ಲಟ್ಟನೆ ಮುರಿದರೆ ಒಣಗಿದೆ ಎಂದು ಲೆಕ್ಕ. ಆಮೇಲೆ ಒಣ ಬೂದಿಯ ಜೊತೆ ಕುಡಿಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಹೊಗೆ ತಾಗುವಲ್ಲಿ ತೂಗುಹಾಕುತ್ತಿದ್ದಳು.

ಅಕ್ಕಪಕ್ಕದವರಿಗೂ ಕೊಟ್ಟಿದ್ದಳು. ಆದರೆ ಅವರು ಅಂಗಡಿಯ ಬೀಜವನ್ನೂ ಜೊತೆಗೆ ಹಾಕಿದರು. ದುಂಬಿಗಳಿಗೆ ಯಾವ ಬೇಲಿ ಲೆಕ್ಕ? ಎರಡು ವರ್ಷದಲ್ಲಿ ಅವರ ಕಾಯಿ ದುಂಡಗಾಗಿ, ನೀರು ನೀರಾಗಿ, ಬೇರೆಯೇ ಆಗಿಹೋಯಿತು. ನಿಂಗಾಜಮ್ಮ ಮಾತ್ರ ಬೀಜಕ್ಕೆ ಬಿಡುವ ಹೂವಿಗೆ ತನ್ನ ಬಳ್ಳಿಯ ಗಂಡುಹೂವನ್ನೇ ಉಜ್ಜಿ, ದುಂಬಿ ಹೋಗದಂತೆ ಬಾಯಿಗೆ ದಾರ ಕಟ್ಟುತ್ತಿದ್ದಳು. ದೊಡ್ಡತಾಯವ್ವ ತೀರಿಕೊಂಡ ಮೇಲೆ ತವರಿನ ಹಿತ್ತಲಿನಲ್ಲೂ ಬಳ್ಳಿ ನಿಂತುಹೋಯಿತು. ಶಿವಮಲ್ಲು ಹೊಲದ ಕೆಲಸದವನು, ಹಿತ್ತಲು ನೋಡಲು ಮನೆಯಲ್ಲಿ ಹೆಣ್ಣುದಿಕ್ಕಿರಲಿಲ್ಲ. ಹಾಗಾಗಿ ಆ ಬೀಜ ಉಳಿದದ್ದು ನಿಂಗಾಜಮ್ಮನ ಕುಡಿಕೆಯಲ್ಲಿ ಮಾತ್ರ.

ಆಮೇಲೆ ಸಾಕ್ಷರತೆಯ ಕಾಲ ಬಂತು. ಊರಿನ ಹೆಂಗಸರಿಗೆ ಸಂಜೆ ತರಗತಿ ನಿಂಗಾಜಮ್ಮನ ಪಡಸಾಲೆಯಲ್ಲಿ. ಪಾಠ ಹೇಳುತ್ತಿದ್ದವಳು ಕಾಲೇಜಿಗೆ ಹೋಗುತ್ತಿದ್ದ ಸುಗುಣ. ಸಂಜೆ ಎಂದರೆ ಅಡುಗೆಯ ಹೊತ್ತು. ಹೆಂಗಸರು ಹುರುಳಿಕಾಯಿ, ಸೊಪ್ಪು ಎಲ್ಲವನ್ನೂ ಮಡಿಲಿನಲ್ಲಿ ತರುತ್ತಿದ್ದರು. ಹೆಚ್ಚುತ್ತ ಹೆಚ್ಚುತ್ತ ಕಲಿಯಲೆಂದು ನನ್ನನ್ನೂ ನಡುವೆ ತಂದಿಡುತ್ತಿದ್ದರು. ನಾನು ಅಕ್ಷರ ಕಲಿತದ್ದು ಹಾಗೆ. ಒಂದು ಸಂಜೆ ನಿಂಗಾಜಮ್ಮ ಸ್ಲೇಟಿನ ಮೇಲೆ 'ಕುಬಳ' ಎಂದು ಬರೆದಳು.

"ಸೊನ್ನೆ ಎಲ್ಲವ್ವ?" ಎಂದಳು ಸುಗುಣ.

"ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೆ? ಇಲ್ದೇ ಇರೋದ ನಾನ್ಯಾಕೆ ಬರೀಲಿ?"

ಎದುರು ಮನೆಯ ಪುಟ್ಟಗೌರಮ್ಮ ನಕ್ಕೂ ನಕ್ಕೂ ಮಡಿಲಿನ ಸೊಪ್ಪನ್ನೆಲ್ಲ ಚೆಲ್ಲಿದಳು. ನನ್ನ ಬದುಕಿನಲ್ಲಿ ಒಳ್ಳೆಯ ಕಾಲ ಯಾವುದೆಂದು ಯಾರಾದರೂ ಕೇಳಿದರೆ ಅದೇ ಎಂದು ಹೇಳಿಯೇನು. ಯಾರೂ ಕೇಳಿಲ್ಲ.

ಸುಗುಣಳಿಗೆ ಮೈಸೂರಿನಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕ ವರ್ಷ ಹಿತ್ತಲು ಕೆಟ್ಟಿತು. ಮುಂಗಾರಿನಲ್ಲಿ ಹಾಕಿದ ಬೀಜ ಒಂದೇ ಮಳೆಗೆ ಕೊಚ್ಚಿಹೋಯಿತು. ನಿಂಗಾಜಮ್ಮ ಕುಡಿಕೆಯನ್ನು ಬೋರಲು ಹಾಕಿ ಉಳಿದದ್ದನ್ನೆಲ್ಲ ಮತ್ತೆ ಬಿತ್ತಿದಳು. ಹುಟ್ಟಿದ ಬಳ್ಳಿಗಳಲ್ಲಿ ಒಂದು ಮಾತ್ರ ಹಬ್ಬಿತು. ಹೂವು ಬಿಟ್ಟಿತು, ಪಿಂದೆಗಳಿಗೆ ಹುಳ ಬಿತ್ತು. ಕೊನೆಗೆ ಬಲಿತು ಕೈಗೆ ಬಂದದ್ದು ಒಂದೇ ಕಾಯಿ. ಅವ್ವನ ಬೀಜ ಇನ್ನು ಇರುವುದು ಆ ಒಂದು ಕಾಯಿಯ ಹೊಟ್ಟೆಯೊಳಗೆ. ನಿಂಗಾಜಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ತಂದು ನನ್ನ ಪಕ್ಕ ಇಟ್ಟಳು.

"ಮಲ್ಲು ಬರ್ಲಿ," ಎಂದಳು.

ಶಿವಮಲ್ಲು ಬಂದ. ಆ ಸಲ ಅವನು ಬಿಳಿ ಅಂಗಿ ತೊಟ್ಟಿದ್ದ. ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಹೂವು, ಒಂದು ಸೀರೆಯ ಪೊಟ್ಟಣ. ಅಕ್ಕ ಎಂದಿನಂತೆ ನನ್ನ ಮೇಲೆ ಕೂತಳು. ಅವನು ಎದುರಿಗೆ ಕೂತು ಕಾಯನ್ನು ಎತ್ತಿದ. ಎತ್ತಿದವನು ಹಾಗೇ ಹಿಡಿದುಕೊಂಡ.

"ಅಕ್ಕ, ಒಡೆಯೋಕೆ ಮುಂಚೆ ಒಂದ್ ಮಾತು. ಸುಗುಣಿ ಕಾಲೇಜು ಮುಗೀತಲ್ಲ. ಅವ್ವ ಸಾಯೋಕೆ ಮುಂಚೆ ಯೋಳಿದ್ಲಲ್ಲ, ಅಕ್ಕನ ಮಗಳು ತಮ್ಮನಿಗೆ ಅಂತ. ನಾನು ಇನ್ನೆಲ್ಲೂ ನೋಡ್ನಿಲ್ಲ."

ನಿಂಗಾಜಮ್ಮನ ಭಾರ ನನ್ನ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿತು. ಅಕ್ಕನ ಮಗಳನ್ನು ಮದುವೆಯಾಗುವುದು ನಮ್ಮ ಕಡೆ ಹೊಸತಲ್ಲ. ಅವನು ಕೇಳಿದ್ದರಲ್ಲಿ ತಪ್ಪಿತ್ತೆಂದು ಯಾರೂ ಹೇಳುತ್ತಿರಲಿಲ್ಲ. ಉತ್ತರ ಕೊಟ್ಟವಳು ಬಾಗಿಲಲ್ಲಿ ನಿಂತಿದ್ದ ಸುಗುಣ.

"ಮಾವ, ನೀನು ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ತಿರುಗಿದೋನು. ಅಪ್ಪ ಅಂದ್ರೆ ನಂಗೆ ನಿನ್ನ ಮುಖವೇ ಗ್ಯಪ್ತಿಗೆ ಬರೋದು. ನಿನ್ನನ್ನ ಗಂಡ ಅಂತ ನೋಡೋಕೆ ಆಗಲ್ಲ ಮಾವ. ತಪ್ಪು ತಿಳ್ಕೋಬ್ಯಾಡ."

ಅವನು ಅಕ್ಕನನ್ನು ನೋಡಿದ.

"ನೀನೇನಂತೀಯ?"

"ಅವಳು ಬ್ಯಾಡ ಅಂದ್ಮೇಲೆ ನಾನು ಏನನ್ನಲಿ ಮಲ್ಲು? ಬಲವಂತ ಮಾಡೋಕಾಯ್ತದಾ?"

ಅವನು ಕಾಯನ್ನು ಮೆಲ್ಲನೆ ನೆಲಕ್ಕಿಳಿಸಿದ. ಎಸೆದಿದ್ದರೆ ಒಳ್ಳೆಯದಿತ್ತೇನೋ. ಆಗ ಅದು ಅವನ ಕೈಯಿಂದಲೇ ಒಡೆದಿರುತ್ತಿತ್ತು. ಹೂವನ್ನೂ ಸೀರೆಯ ಪೊಟ್ಟಣವನ್ನೂ ಒಲೆಯ ಕಟ್ಟೆಯ ಮೇಲಿಟ್ಟು ಹಿಂಬಾಗಿಲಿನಿಂದಲೇ ಹೊರಟುಹೋದ. ನಿಂಗಾಜಮ್ಮ ನನ್ನ ಮೇಲಿಂದ ಏಳದೆ ಬಹಳ ಹೊತ್ತು ಕೂತಿದ್ದಳು.

ಆ ಕಾಯನ್ನು ಅವಳು ನೆಲುವಿನಲ್ಲಿಟ್ಟು ಸೂರಿನಿಂದ ತೂಗುಬಿಟ್ಟಳು, ಇಲಿಗೆ ಸಿಗದ ಹಾಗೆ.

ಕೆಲವು ವಾರ ಕಾದಳು. ಅವನಿಗೆ ಓದು ಬಾರದು. ಕಾಗದ ಬರೆದರೆ ಇನ್ನೊಬ್ಬರ ಕೈಲಿ ಓದಿಸಬೇಕು, ಮನೆಯ ಮಾತು ಬೀದಿಗೆ ಬೀಳುತ್ತದೆ. ಊರೂರು ತಿರುಗಿ ವೀಳ್ಯದೆಲೆ ಮಾರುತ್ತಿದ್ದ ಮಾದಮ್ಮ ಅವನ ಊರಿಗೂ ಹೋಗುತ್ತಿದ್ದಳು. ಎಲ್ಲರೂ ಅವಳನ್ನು ಎಲೆ ಮಾದಮ್ಮ ಎನ್ನುತ್ತಿದ್ದರು. ಅವಳು ಹಿಂಬಾಗಿಲಲ್ಲಿ ಬುಟ್ಟಿ ಇಳಿಸಿದಾಗ ನಿಂಗಾಜಮ್ಮ ದನಿ ತಗ್ಗಿಸಿ ಹೇಳಿದಳು.

"ಮಾದಮ್ಮಕ್ಕ, ನಮ್ಮ ಮಲ್ಲು ಸಿಕ್ಕಿದ್ರೆ ಒಂದ್ ಮಾತು ಯೋಳು. ಕಾಯಿ ಒಡೆಯೋಕೆ ಬಾ ಅಂದ್ಳು ಅನ್ನು. ಅಷ್ಟೇ ಅನ್ನು, ಅವನಿಗೆ ತಿಳೀತದೆ."

"ಯೋಳ್ತೀನಿ ಬುಡವ್ವ!" ಎಂದಳು ಎಲೆ ಮಾದಮ್ಮ. ಅವಳ ದನಿಯಲ್ಲಿ ಏನೋ ಸಂತೋಷ. "ಅಂತೂ ಒಳ್ಳೇದಾಯ್ತು. ಎಲೆ ಮಾತ್ರ ನನ್ತಾವೇ ತಕೋಬೇಕು, ಈಗ್ಲೇ ಯೋಳಿವ್ನಿ."

ನಿಂಗಾಜಮ್ಮ ಹ್ಞೂಂ ಎಂದಳು. ಅವಳ ಮನಸ್ಸು ತಮ್ಮನ ಕಡೆ ಇತ್ತು. ಎಲೆಯ ಮಾತು ಯಾಕೆ ಬಂತೆಂದು ಅವಳು ಕೇಳಲಿಲ್ಲ. ನನಗೂ ಆಗ ಹೊಳೆಯಲಿಲ್ಲ. ಎಲೆ ಮಾರುವವಳಿಗೆ ಕಾಯಿ ಒಡೆಯುವುದೆಂದರೆ ಒಂದೇ. ಹೆಣ್ಣಿನ ಮಾತುಕತೆ ಮುಗಿದು, ದೇವರ ಮುಂದೆ ತೆಂಗಿನಕಾಯಿ ಒಡೆದು, ಬಂದವರಿಗೆ ವೀಳ್ಯ ಹಂಚುವುದು.

ಅವನು ಬರಲಿಲ್ಲ.

ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ದಿನವೂ ನಿಂಗಾಜಮ್ಮ ನೆಲುವಿನ ಕೆಳಗೆ ನಿಂತು ಬೆರಳ ಗೆಣ್ಣಿನಿಂದ ಕಾಯನ್ನು ತಟ್ಟುತ್ತಿದ್ದಳು. ಸದ್ದು ಗಟ್ಟಿಯಾಗಿದ್ದರೆ ಒಲೆಯ ಕಡೆ ತಿರುಗುತ್ತಿದ್ದಳು. ಯುಗಾದಿಗೆ ಅವನಿಗೆಂದು ಒಬ್ಬಟ್ಟು ಎತ್ತಿಟ್ಟಳು. ಮೂರನೆಯ ದಿನ ಅದನ್ನು ಹಸುವಿಗೆ ಹಾಕಿದಳು.

"ನಮ್ಮನೆ ಗಂಡಸ್ರ ಕೈಲಿ ಒಂದ್ ಗೀರು ಹಾಕಿಸ್ತೀನಿ ಕೊಡು ನಿಂಗಾಜಿ. ಬೀಜ ಹಾಳಾದಾತು," ಎಂದು ಪುಟ್ಟಗೌರಮ್ಮ ಎಷ್ಟು ಸಲ ಹೇಳಿದಳೋ.

"ಬೀಜ ನಮ್ಮವ್ವಂದು. ಅವ್ವನ ಮಗನೇ ಒಡೀಲಿ ಬುಡು ಗೌರಕ್ಕ."

ರಜೆಗೆ ಬಂದ ಸುಗುಣಳಿಗೆ ತಾಳ್ಮೆ ಇರಲಿಲ್ಲ. ತನ್ನಿಂದಲೇ ಇದೆಲ್ಲ ಆಯಿತೆಂಬ ಸಂಕಟ ಅವಳ ಮುಖದಲ್ಲಿ ನನಗೆ ಕಾಣುತ್ತಿತ್ತು. ಒಂದು ಬೆಳಗ್ಗೆ ಅವಳು ನೆಲುವಿನಿಂದ ಕಾಯನ್ನು ಇಳಿಸಿ, ನನ್ನನ್ನು ಎಳೆದುಕೊಂಡು ಕೂತೇಬಿಟ್ಟಳು.

"ನಾನೇ ಒಡೀತೀನಿ. ಏನಾಯ್ತದೆ ನೋಡೇಬುಡವ. ಆಸ್ಪತ್ರೇಲಿ ದಿನಾ ರಕ್ತ ನೋಡ್ತೀನಿ, ಕುಂಬಳಕಾಯಿಗೆ ಹೆದರ್ಕೋತೀನಾ?"

ನಿಂಗಾಜಮ್ಮ ಓಡಿ ಬಂದು ಕಾಯನ್ನು ಕಿತ್ತುಕೊಂಡಳು. ಎದೆಗೆ ಒತ್ತಿ ಹಿಡಿದುಕೊಂಡಳು. ಬೈಯುತ್ತಾಳೆಂದು ನಾನು ಅಂದುಕೊಂಡೆ. ಅವಳು ಬೈಯಲಿಲ್ಲ.

"ಒಡೆದ್ಬುಟ್ರೆ ಅವನು ಇನ್ಯಾಕೆ ಬತ್ತಾನೆ ಮಗಾ?" ಎಂದಳು.

ಸುಗುಣ ನನ್ನ ಮೇಲಿಂದ ಎದ್ದಳು. ಆಮೇಲೆ ಅವಳು ಆ ಮಾತು ಎತ್ತಲಿಲ್ಲ.

ಮುಂಗಾರು ಹತ್ತಿರ ಬಂತು. ನಿಂಗಾಜಮ್ಮ ಹಿತ್ತಲಿನಲ್ಲಿ ಗುಣಿ ತೋಡಿ, ಗೊಬ್ಬರ ಬೂದಿ ತುಂಬಿ, ಸುತ್ತ ಮುಳ್ಳು ಇಟ್ಟಳು. ಬಿತ್ತಲು ಬೀಜವಿಲ್ಲ. ಆದರೂ ದಿನವೂ ಆ ಗುಣಿಗೆ ಒಂದು ಚೊಂಬು ನೀರು ಹಾಕುತ್ತಿದ್ದಳು. ಅದೇ ಹೊತ್ತಿಗೆ ಅವಳ ಕಣ್ಣು ಹಳದಿಯಾಯಿತು. ಕಾಮಾಲೆ ಎಂದರು. ಸೊಪ್ಪಿನ ರಸ ಕುಡಿಸಿದರು, ಪಥ್ಯ ಮಾಡಿಸಿದರು. ಸುಗುಣ ಸುದ್ದಿ ತಿಳಿದು ಬಂದು ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು. ಹೊರಡುವ ಮುನ್ನ ಪಡಸಾಲೆಯಲ್ಲಿ ಮಲಗಿದ್ದವಳು ಕೇಳಿದ್ದು ಒಂದೇ.

"ಎಲೆ ಮಾದಮ್ಮ ಈ ಕಡೆ ಬಂದಿದ್ಲಾ?"

"ಇಲ್ಲವ್ವ," ಎಂದಳು ಸುಗುಣ.

ನಿಂಗಾಜಮ್ಮ ಆಸ್ಪತ್ರೆಯಿಂದ ಜೀವಂತ ಮರಳಲಿಲ್ಲ.

ಶಿವಮಲ್ಲು ಅಕ್ಕನ ಮಣ್ಣಿಗೆ ಬಂದ. ಅಂಗಳದಲ್ಲೇ ಕೂತು, ಅಲ್ಲಿಂದಲೇ ಎದ್ದು ಹೋದನೆಂದು ಹೆಂಗಸರು ಹೇಳಿದ್ದು ಕೇಳಿದೆ. ನನ್ನನ್ನು ಗೋಡೆಗೆ ತಿರುಗಿಸಿಟ್ಟಿದ್ದರು, ನಾನು ಅವನನ್ನು ನೋಡಲಿಲ್ಲ. ನೋಡಿದ್ದು ತಿಥಿಯ ದಿನ. ಬೆಳಗ್ಗೆಯಿಂದ ಅಡುಗೆಮನೆ ತುಂಬ ಹೆಂಗಸರು. ಅವನು ಮಾತಿಲ್ಲದೆ ಸೌದೆ ಒಡೆಯುತ್ತ, ನೀರು ಹೊರುತ್ತ ಇದ್ದ. ಪುಟ್ಟಗೌರಮ್ಮ ಸೂರಿನ ಕಡೆ ನೋಡಿದಳು.

"ತಿಥಿಗೆ ಕುಂಬಳಕಾಯಿ ಪಲ್ಯ ಆಗ್ಬೇಕಲ್ಲ. ಇದನ್ನೇ ಇಳಿಸವ. ಇನ್ಯಾರಿಗೆ ಅಂತ ಮಡೀಕಂಡಿರೋದು?"

"ಅದ ಮುಟ್ಟಬ್ಯಾಡಿ ಅತ್ತೆ," ಎಂದಳು ಸುಗುಣ. "ಅದು ಮಾವನ ಕಾಯಿ."

ಕೊಡ ಹೊತ್ತು ಹಿಂಬಾಗಿಲಲ್ಲಿ ಬಂದ ಶಿವಮಲ್ಲು ಅಲ್ಲೇ ನಿಂತ.

"ನನ್ನ ಕಾಯಾ? ಇದು ಅವತ್ತಿಂದಾ?"

"ಅವತ್ತಿಂದೇ. ಅವ್ವ ಯಾರಿಗೂ ಮುಟ್ಟೋಕೆ ಬುಡ್ಲಿಲ್ಲ. ಯೋಳಿ ಕಳ್ಸಿದ್ರೂ ನೀನು ಬರ್ಲಿಲ್ಲ ಮಾವ."

"ಯಾವಾಗ ಯೋಳಿ ಕಳ್ಸಿದ್ಲು?"

"ಎಲೆ ಮಾದಮ್ಮನ ಕೈಲಿ. ಕಾಯಿ ಒಡೆಯೋಕೆ ಬಾ ಅಂತ."

ಕೊಡವನ್ನು ಇಳಿಸುವುದು ಅವನಿಗೆ ಮರೆತುಹೋಗಿತ್ತು. ನೀರು ಹೆಗಲ ಮೇಲೆ ಚೆಲ್ಲುತ್ತಿತ್ತು.

"ಅದು ನಿನ್ ಮದ್ವೆ ಮಾತಿಗೆ ಅಲ್ವಾ?"

"ಯಾವ ಮದ್ವೆ ಮಾವ? ನಂಗೆಲ್ಲಿ ಮದ್ವೆ?"

"ಮಾದಮ್ಮ ಬಂದು, ನಿಮ್ಮಕ್ಕನ ಮನೇಲಿ ಕಾಯಿ ಒಡೀತಾರಂತೆ, ನೀನು ಹೋಗ್ಬೇಕಂತೆ, ಎಲೆ ನಂದೇ ಅಂತ ನಗಾಡಿದ್ಲು. ನಾನು..." ಅವನು ಸೂರಿನ ನೆಲುವನ್ನು ನೋಡಿದ. "ಮಗಳ್ನ ಬೇರೆ ಕಡೆಗೆ ಕೊಡೋ ಶಾಸ್ತ್ರಕ್ಕೂ ನನ್ನೇ ಕೂಗ್ತಾಳಲ್ಲ, ಇವಳಿಗೆ ಕರುಳು ಅನ್ನೋದು ಅದಾ ಅಂತ, ಉಣ್ತಾ ಇದ್ದೋನು ತಟ್ಟೆ ಬುಟ್ಟು ಎದ್ದೋದೆ. ಕಾಯಿ ಅಂದ್ರೆ... ಇದಾ? ಈ ಕಾಯಿಗಾ ಕೂಗಿದ್ದು?"

ಅವನು ಕೊಡವನ್ನು ಇಳಿಸಿ, ನೆಲುವಿನಿಂದ ಕಾಯನ್ನು ತಾನೇ ಇಳಿಸಿಕೊಂಡ. ಬೂದು ಹಸಿರು ಸಿಪ್ಪೆ ಮಾಸಲು ಕೆಂಪಾಗಿತ್ತು. ಕೂತು, ಎಂದಿನ ಅಭ್ಯಾಸದಲ್ಲಿ ಎದುರಿನ ನನ್ನ ಹಲಗೆಯನ್ನು ನೋಡಿದ. ಅದರ ಮೇಲೆ ಯಾರೂ ಇರಲಿಲ್ಲ. ಸುಗುಣ ಮುಂದೆ ಬಂದಳು. ಅವನು ಕೈಯಾಡಿಸಿ ಬೇಡವೆಂದ. ಎದ್ದು ಬಂದು ತಾನೇ ನನ್ನ ಮೇಲೆ ಕೂತ. ಗಂಡಸೊಬ್ಬ ನನ್ನ ಮೇಲೆ ಕೂತದ್ದು ಅದೇ ಮೊದಲು. ಭಾರವಾಗಿದ್ದ. ನಾನು ಅಲುಗಾಡಲಿಲ್ಲ.

ಕಾಯನ್ನು ನನ್ನ ಅಲಗಿಗೆ ಒತ್ತಿದ. ಚರ್‌ ಎನ್ನುವ ಸದ್ದು ಬರಲಿಲ್ಲ. ಸಿಪ್ಪೆ ಮೆತ್ತಗೆ ಬಿಟ್ಟುಕೊಟ್ಟಿತು.

ಬೀಜಗಳು ಒಳಗೇ ಮೊಳೆತಿದ್ದವು. ಬಿಳಿಯ ಬೇರುಗಳು ಅರಿಶಿನದ ಬಣ್ಣದ ತಿರುಳಿನ ತುಂಬ ಸುತ್ತಿಕೊಂಡಿದ್ದವು. ಬೆಳಕು ಕಾಣದ ಎಲೆಗಳು ತಲೆಯ ಮೇಲೆ ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ಹೊತ್ತು, ಬಗ್ಗಿ, ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಕೆಲವು ಕೊಳೆತಿದ್ದವು. ಎಷ್ಟೋ ದಿನದಿಂದ ಹೊರಗೆ ಬರಲು ದಾರಿ ಹುಡುಕಿ ತಿರುಗಿದ ಗುರುತು ಸಿಪ್ಪೆಯ ಒಳಮೈ ತುಂಬ ಇತ್ತು. ಒಣಗಿಸಿ ಕುಡಿಕೆಯಲ್ಲಿಡಲು ಒಂದು ಬೀಜವೂ ಉಳಿದಿರಲಿಲ್ಲ.

"ಕಾದೂ ಕಾದೂ ಒಳಗೇ ಹುಟ್ಬುಟ್ಟವಲ್ಲವ್ವ," ಎಂದಳು ಪುಟ್ಟಗೌರಮ್ಮ, ಸೆರಗನ್ನು ಬಾಯಿಗೊತ್ತಿಕೊಂಡು.

ಶಿವಮಲ್ಲು ಅಳಲಿಲ್ಲ. ಕೆಳಗಿನಿಂದ ನೋಡುವ ನನಗೆ ಅವನ ಗಲ್ಲ ನಡುಗುವುದು ಮಾತ್ರ ಕಂಡಿತು. ಮೊಳಕೆಗಳಲ್ಲಿ ಇನ್ನೂ ಜೀವವಿದ್ದವನ್ನು ಒಂದೊಂದಾಗಿ ಬಿಡಿಸತೊಡಗಿದ. ಅವನ ದಪ್ಪ ಬೆರಳಿಗೆ ಆ ಕೆಲಸ ಬಾರದು. ಎರಡು ಬೇರು ತುಂಡಾದವು. ಸುಗುಣ ಪಕ್ಕದಲ್ಲಿ ಕೂತು ಬಿಡಿಸಿಕೊಟ್ಟಳು.

"ಹಿತ್ತಲಲ್ಲಿ ಗುಣಿ ಅದೆ ಮಾವ. ಅವ್ವ ಮಾಡಿಟ್ಟಿದ್ದು."

"ನೀನು ಬಾಗ್ಲು ಹಾಕ್ಕೊಂಡು ಮೈಸೂರಿಗೆ ಹೋಗೋಳು. ನೀರು ಹಾಕೋರ್ಯಾರು ಮಗಾ?"

ಅವನು ಅವಳನ್ನು ಮಗಾ ಎಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸುಗುಣ ತಲೆ ತಗ್ಗಿಸಿದಳು. ಅವನು ಹೆಗಲ ಟವಲನ್ನು ಕೊಡದ ನೀರಿನಲ್ಲಿ ಅದ್ದಿ ಹಿಂಡಿ, ಮೊಳಕೆಗಳನ್ನು ಅದರಲ್ಲಿ ಸುತ್ತಿದ. ಗುಣಿಯಿಂದ ಒಂದು ಹಿಡಿ ಮಣ್ಣು ತಂದು ಅದರೊಳಗೆ ಹಾಕಿದ. ತಿಥಿಯ ಊಟ ಮುಗಿದ ಮೇಲೆ, ಇನ್ನೂ ಬಿಸಿಲಿರುವಾಗಲೇ, ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಊರಿನ ದಾರಿ ಹಿಡಿದ. ತಿರುಳಿನ ಪಲ್ಯ ಯಾರೂ ಮಾಡಲಿಲ್ಲ.

ಮನೆಗೆ ಬೀಗ ಹಾಕುವ ಮುನ್ನ ಸುಗುಣ ಪಾತ್ರೆಪಡಗವನ್ನು ಹಂಚಿದಳು. ನಾನು ಎದುರು ಮನೆಯ ಪುಟ್ಟಗೌರಮ್ಮನ ಪಾಲಿಗೆ ಬಂದೆ. ಅವಳು ನನ್ನ ಗಿಡ್ಡ ಕಾಲಿನ ಕೆಳಗೆ ಮಡಿಸಿದ ರಟ್ಟು ಇಟ್ಟಳು. ಅಲ್ಲಿ ನನಗೆ ಕಷ್ಟವೇನೂ ಇರಲಿಲ್ಲ. ಒಮ್ಮೆ ಎಲೆ ಮಾದಮ್ಮ ಆ ಮನೆಗೂ ಬಂದಳು. ತನ್ನ ಮಾತಿನಿಂದ ಏನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಪುಟ್ಟಗೌರಮ್ಮ ಹೇಳಲೂ ಇಲ್ಲ.

"ಆ ಶಿವಮಲ್ಲು ಹೆಂಗವ್ನೆ?" ಎಂದು ಮಾತ್ರ ಕೇಳಿದಳು.

"ಅವ್ನೆ. ಮಾತು ಕಮ್ಮಿ. ಹಿತ್ತಲಲ್ಲಿ ಏನೋ ಬಳ್ಳಿ ಹಬ್ಬಿಸವ್ನೆ ಕಣವ್ವ."

"ಕುಂಬಳದ್ದಾ?"

"ಕುಂಬಳವೋ ಸೋರೆಯೋ, ಯಾರು ನೋಡಿದ್ರು? ಎಲೆ ತಕಳಲ್ಲ ಅವನು, ನಾನು ಬೇಲಿ ಆಚೆಯಿಂದ್ಲೇ ಬಂದೆ."

ಶಿವಮಲ್ಲು ಆಮೇಲೆ ನಮ್ಮ ಊರಿಗೆ ಬಂದದ್ದನ್ನು ನಾನು ಕೇಳಲಿಲ್ಲ. ಬರಲು ಅವನಿಗೆ ಇಲ್ಲಿ ಏನಿತ್ತು?

ವರ್ಷಗಳಾದವು. ನನ್ನ ಅಲಗು ಸವೆಯಿತು, ಹಲಗೆಗೆ ಗೆದ್ದಲು ಹಿಡಿಯಿತು. ಪುಟ್ಟಗೌರಮ್ಮನ ಸೊಸೆ ನಿಂತು ಅಡುಗೆ ಮಾಡುವ ಕಟ್ಟೆ ಕಟ್ಟಿಸಿ ಚಾಕು ತಂದಳು. ಅದರಲ್ಲಿ ಅವಳ ತಪ್ಪಿಲ್ಲ, ಬಗ್ಗಿ ಕೂರುವುದು ಕಷ್ಟ. ಹಳೆ ಕಬ್ಬಿಣದವನ ಗಾಡಿಯಲ್ಲಿ ನಾನು ಈ ಗುಜರಿಗೆ ಬಂದೆ. ಈಗ ಮುರಿದ ಕಿಟಕಿ ಸರಳುಗಳ ಕೆಳಗೆ ಇದ್ದೇನೆ. ಇಲ್ಲಿ ಯಾರೂ ಮಾತಾಡುವುದಿಲ್ಲವಾದ್ದರಿಂದ ನಡೆದದ್ದನ್ನೆಲ್ಲ ಮೊದಲಿನಿಂದ ಜೋಡಿಸಿಕೊಳ್ಳಲು ನನಗೆ ಸಮಯ ಸಿಕ್ಕಿತು. ಇಲ್ಲಿ ಹೇಳಿದ್ದರಲ್ಲಿ ನಾನು ಕಂಡದ್ದೂ ಇದೆ, ಗೋಡೆಗೆ ಮುಖ ಮಾಡಿಕೊಂಡು ಕೇಳಿದ್ದೂ ಇದೆ. ಎರಡನ್ನೂ ಬೆರೆಸದೆ ಹೇಳಲು ನೋಡಿದ್ದೇನೆ.

ಆದರೆ ಕೆಲವು ವಿಷಯ ನನಗೆ ಗೊತ್ತಿಲ್ಲ. ನಿಂಗಾಜಮ್ಮ ತಮ್ಮನ ಮೇಲೆ ಬೇಸರದಿಂದ ಹೋದಳೋ, ಇವತ್ತಲ್ಲ ನಾಳೆ ಬರುತ್ತಾನೆಂದು ನಂಬಿಕೊಂಡೇ ಹೋದಳೋ ಗೊತ್ತಿಲ್ಲ. ಮಾದಮ್ಮ ಬೇಲಿಯಾಚೆಯಿಂದ ಕಂಡ ಬಳ್ಳಿ ಕುಂಬಳದ್ದೋ ಅಲ್ಲವೋ ಗೊತ್ತಿಲ್ಲ. ಕುಂಬಳದ್ದೇ ಆಗಿದ್ದರೆ ಅದು ಆ ಟವಲಿನ ಮೊಳಕೆಯದೋ, ಅದರಲ್ಲಿ ಕಾಯಿ ಬಿಟ್ಟಿತೋ, ಬಿಟ್ಟ ಕಾಯನ್ನು ಒಡೆಯಲು ಅವನಿಗೆ ಮನಸ್ಸು ಬಂತೋ, ಅದೂ ನನಗೆ ಗೊತ್ತಿಲ್ಲ.